ಹೊರಗೋಡೆಗೆ ಒಳಗಿನಿಂದ ಇನ್ಸುಲೇಶನ್: ಎಷ್ಟು ದಪ್ಪ ಬೇಕು? ಬೂಷ್ಟಿಗೆ ಏನು ಮಾಡಬೇಕು?

ಚಳಿಗೋಡೆ

ಎಲ್ಲರಿಗೂ ನಮಸ್ಕಾರ. ಒಂದು ಕೋಣೆಯ ವಿಷಯದಲ್ಲಿ ಸಲಹೆ ಬೇಕಾಗಿದೆ.

ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಎರಡೂ ಬದಿಗೆ ಗಿಲಾವು. ಹೊರಗೋಡೆ ಇರುವುದು ಒಂದೇ ಕಡೆ. ಕಿಟಕಿ ಬಿಟ್ಟು 12 ಚದರ ಮೀಟರ್, ಒಂಟಿ ಗಾಜಿನ ಕಿಟಕಿ 2 ಚದರ ಮೀಟರ್. ಆ ಗೋಡೆಗೆ ಬಿಸಿಲು ಬೀಳುವುದಿಲ್ಲ. ಚಳಿಗಾಲದ ರಾತ್ರಿ ಹೊರಗೆ ಸೊನ್ನೆ ಡಿಗ್ರಿಯ ಆಸುಪಾಸು. ಹೀಟರ್ ಹಾಕಿದರೆ ಕೋಣೆ ಬೆಚ್ಚಗಾಗುತ್ತದೆ, ಆರಿಸಿದ ಸ್ವಲ್ಪ ಹೊತ್ತಿಗೇ ಮೊದಲಿನಂತೆ ತಣ್ಣಗೆ. ಬೀರುವಿನ ಹಿಂದೆ ಮತ್ತು ಮೂಲೆಯಲ್ಲಿ ಕಪ್ಪು ಬೂಷ್ಟು.

ಒಬ್ಬ ಗುತ್ತಿಗೆದಾರರು "100 ಮಿ.ಮೀ. ಥರ್ಮೋಕೋಲ್ ಹಾಳೆ ಒಳಗಿನಿಂದ ಅಂಟಿಸಿ, ಮೇಲೆ ಜಿಪ್ಸಂ ಬೋರ್ಡ್ ಹೊಡೆದುಬಿಡೋಣ" ಎನ್ನುತ್ತಾರೆ. ಇನ್ನೊಬ್ಬರು ಶಾಖನಿರೋಧಕ ಬಣ್ಣ ಬಳಿದರೆ ಸಾಕು ಎನ್ನುತ್ತಾರೆ. ಹೊರಮೈ ಬದಲಾಯಿಸಲು ಅನುಮತಿ ಇಲ್ಲ, ಹಾಗಾಗಿ ಹೊರಗಿನಿಂದ ಮಾಡುವ ಮಾತು ಬೇಡ. 100 ಮಿ.ಮೀ. ಸಾಕೇ, 150 ಹಾಕಿಸಲೇ?

ಅಳತೆಪಟ್ಟಿ

ದಪ್ಪದ ಪ್ರಶ್ನೆಗೆ ಉತ್ತರ ಲೆಕ್ಕದಲ್ಲೇ ಇದೆ, ಮಾಡಿ ನೋಡೋಣ.

ಪದಾರ್ಥದ ದಪ್ಪವನ್ನು ಮೀಟರಿನಲ್ಲಿ ಹೇಳಿ, ಅದರ ಉಷ್ಣವಾಹಕತೆಯಿಂದ ಭಾಗಿಸಿದರೆ ಸಿಗುವುದು ಅದರ ತಡೆ, ಅಂದರೆ ಆರ್ ಮೌಲ್ಯ. ಇಟ್ಟಿಗೆಯ ವಾಹಕತೆಯನ್ನು 0.7 ಎಂದು ಹಿಡಿಯೋಣ. 230 ಮಿ.ಮೀ. ಇಟ್ಟಿಗೆಗೆ 0.33, ಎರಡು ಬದಿಯ ಗಿಲಾವಿಗೆ 0.04. ಇವುಗಳ ಜೊತೆಗೆ ಗೋಡೆಯ ಮೈಗೆ ತಾಗಿ ನಿಲ್ಲುವ ತೆಳು ಗಾಳಿಯ ಪದರಕ್ಕೂ ತಡೆ ಇದೆ: ಒಳಗೆ 0.13, ಹೊರಗೆ 0.04. ಒಟ್ಟು 0.54. ಇದರ ವಿಲೋಮವೇ ಯು ಮೌಲ್ಯ, ಸುಮಾರು 1.9, ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಒಂದು ಚದರ ಮೀಟರಿನಿಂದ ಹೊರಗೆ ಹೋಗುವ ವ್ಯಾಟ್. ಒಳಗೆ 20, ಹೊರಗೆ 0 ಎಂದರೆ 12 ಚದರ ಮೀಟರಿನಿಂದ ಸುಮಾರು 450 ವ್ಯಾಟ್ ನಿರಂತರವಾಗಿ ಹೊರಗೆ ಹೋಗುತ್ತಿದೆ.

ಈಗ ಥರ್ಮೋಕೋಲ್ ಅಥವಾ ರಾಕ್‌ವೂಲ್ (ಕಲ್ಲುನಾರಿನ ಉಣ್ಣೆ) ಸೇರಿಸೋಣ. ಎರಡರ ವಾಹಕತೆಯೂ ಹೆಚ್ಚುಕಡಿಮೆ 0.036. ಮೊದಲ 50 ಮಿ.ಮೀ. ಹಾಕಿದಾಗ 450 ಇದ್ದದ್ದು ಸುಮಾರು 125ಕ್ಕೆ ಇಳಿಯುತ್ತದೆ. 100 ಹಾಕಿದರೆ 72. 200 ಹಾಕಿದರೆ 39. ಮೊದಲ 50 ಮಿ.ಮೀ. ಉಳಿಸಿದ್ದು 325 ವ್ಯಾಟ್, ಎರಡನೆಯ 50 ಉಳಿಸಿದ್ದು 50ರಷ್ಟು, ಅದರ ಮೇಲಿನ 100 ಉಳಿಸಿದ್ದು 33. ಕೋಣೆಯೊಳಗೆ ಜಾಗ ಕಳೆದುಕೊಂಡು 150ಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ. ಜಾಗ ತೀರಾ ಕಡಿಮೆಯಿದ್ದರೆ ಪಿಐಆರ್ ಬೋರ್ಡ್ (ಗಡುಸು ನೊರೆಪ್ಲಾಸ್ಟಿಕ್ಕಿನ ಹಲಗೆ) ನೋಡಿ. ಅದರ ವಾಹಕತೆ 0.022ರಷ್ಟು, 50 ಮಿ.ಮೀ.ಗೇ 2.3ರ ತಡೆ ಸಿಗುತ್ತದೆ.

ಅಟ್ಟ ಹತ್ತಿದವಳು

ಲೆಕ್ಕ ಸರಿ, ಆದರೆ ಅರ್ಧ ಕೋಣೆಯ ಲೆಕ್ಕ. ಗಾಳಿಯನ್ನೇ ಬಿಟ್ಟಿದ್ದೀರಿ.

ಕೋಣೆಯ ಗಾತ್ರ 45 ಘನ ಮೀಟರ್ ಎಂದುಕೊಳ್ಳಿ. ಗಂಟೆಗೊಮ್ಮೆ ಒಳಗಿನ ಗಾಳಿ ಪೂರ್ತಿ ಬದಲಾದರೆ, ಇದೇ 20 ಡಿಗ್ರಿ ವ್ಯತ್ಯಾಸಕ್ಕೆ 300 ವ್ಯಾಟ್ ಹೋಗುತ್ತದೆ. ಘನ ಮೀಟರಿಗೆ, ಡಿಗ್ರಿಗೆ 0.33 ವ್ಯಾಟ್-ಗಂಟೆ ಎಂಬುದು ಇಲ್ಲಿನ ಗುಣಕ. ಸಂದುಗೊಂದು ಇರುವ ಹಳೆಯ ಕೋಣೆಯಲ್ಲಿ ಗಾಳಿ ಬೀಸುವ ರಾತ್ರಿ ಗಂಟೆಗೆ ಎರಡು ಸಲ ಬದಲಾದರೂ ಆಶ್ಚರ್ಯವಿಲ್ಲ. ಆಗ 600. ನಿಮ್ಮ ಗೋಡೆಗಿಂತ ಸಂದುಗಳೇ ಹೆಚ್ಚು ಕದಿಯುತ್ತಿರಬಹುದು.

ಗಾಳಿ ಬೀಸುವ ದಿನ ಒಂದು ಊದಿನಕಡ್ಡಿ ಹಚ್ಚಿಕೊಂಡು ಕೋಣೆಯ ಸುತ್ತ ನಿಧಾನವಾಗಿ ನಡೆಯಿರಿ. ಕಿಟಕಿಯ ಚೌಕಟ್ಟು ಗೋಡೆಗೆ ಕೂಡುವ ಗೆರೆ, ಬಾಗಿಲಿನ ಕೆಳಗೆ, ವಿದ್ಯುತ್ ಸ್ವಿಚ್ ಪೆಟ್ಟಿಗೆ, ಪೈಪು ಗೋಡೆ ತೂರಿ ಹೋಗುವ ಜಾಗ, ಕೆಲಸಕ್ಕೆ ಬಾರದ ಹಳೆಯ ಹೊಗೆಗೂಡು. ಹೊಗೆ ನೇರವಾಗಿ ಏರುತ್ತಿದ್ದರೆ ಮುಂದಕ್ಕೆ ಹೋಗಿ, ಥಟ್ಟನೆ ಮಲಗಿದರೆ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಪರದೆಯ ಬಟ್ಟೆಗೆ ತಾಗದಂತೆ ಎಚ್ಚರ. ಮೇಲೆ ಅಟ್ಟವಿದ್ದರೆ ಅದರ ಮುಚ್ಚಳವನ್ನು ಮರೆಯಬೇಡಿ. ಬಿಸಿ ಗಾಳಿ ಹಗುರ. ಅದು ಮೇಲಿನ ಸಂದಿನಿಂದ ಹೊರಟು ಕೆಳಗಿನ ಸಂದುಗಳಿಂದ ತಣ್ಣನೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಎಷ್ಟೋ ಮನೆಗಳಲ್ಲಿ ಅಟ್ಟದ ತುಂಬ ಉಣ್ಣೆ ಹಾಸಿರುತ್ತಾರೆ, ಮುಚ್ಚಳ ಮಾತ್ರ ಬರೀ ಹಲಗೆ, ಸುತ್ತ ಬೆರಳು ತೂರುವಷ್ಟು ಸಂದು.

ಚಳಿಗೋಡೆ

ಧನ್ಯವಾದ. ಆದರೆ ಇಲ್ಲೊಂದು ಗೊಂದಲ. ಬೂಷ್ಟು ಬರುವುದು ಗಾಳಿಯಾಡದೆ ಇರುವುದರಿಂದ ಎಂದು ಎಲ್ಲರೂ ಹೇಳುತ್ತಾರೆ. ನೀವು ಸಂದು ಮುಚ್ಚಿ ಎನ್ನುತ್ತೀರಿ. ಮುಚ್ಚಿದರೆ ಬೂಷ್ಟು ಹೆಚ್ಚಾಗುವುದಿಲ್ಲವೇ?

ಅಟ್ಟ ಹತ್ತಿದವಳು

ಹೆಚ್ಚಾಗಬಹುದು, ಸಂದು ಮುಚ್ಚಿ ಸುಮ್ಮನೆ ಕುಳಿತರೆ. ಸಂದಿನ ಗಾಳಿ ಬೇಡದ ಹೊತ್ತಿನಲ್ಲಿ, ಬೇಡದ ಜಾಗದಲ್ಲಿ ಬರುತ್ತದೆ. ಗಾಳಿ ಬೀಸುವ ರಾತ್ರಿ ಅತಿಯಾಗಿ, ಗಾಳಿಯಿಲ್ಲದ ದಿನ ಏನೂ ಇಲ್ಲ. ಅದನ್ನು ಮುಚ್ಚಿ, ಬದಲಿಗೆ ನಮ್ಮ ಕೈಯಲ್ಲಿರುವ ಗಾಳಿ ಕೊಡಬೇಕು. ಬಚ್ಚಲು ಮತ್ತು ಅಡುಗೆಮನೆಯಲ್ಲಿ ಹವೆ ಹೊರಹಾಕುವ ಫ್ಯಾನ್, ಕೋಣೆಗೆ ದಿನಕ್ಕೆ ಕೆಲವು ಸಲ ಐದು ನಿಮಿಷ ಕಿಟಕಿ ಪೂರ್ತಿ ತೆರೆದಿಡುವುದು.

ಹೊರಗೆ ಮಳೆ ಹನಿಯುತ್ತಿದ್ದರೂ ತೆರೆಯಬಹುದು ಎಂದರೆ ಜನ ನಂಬುವುದಿಲ್ಲ. ಸೊನ್ನೆ ಡಿಗ್ರಿಯ ಗಾಳಿ ನೂರಕ್ಕೆ ನೂರು ತೇವ ತುಂಬಿಕೊಂಡಿದ್ದರೂ ಘನ ಮೀಟರಿಗೆ 5 ಗ್ರಾಮಿಗಿಂತ ಕಡಿಮೆ ನೀರನ್ನು ಹೊರುತ್ತದೆ. 20 ಡಿಗ್ರಿಯ ಗಾಳಿ 17 ಗ್ರಾಂ ಹೊರಬಲ್ಲದು. ಹೊರಗಿನ ಆ ಗಾಳಿಯನ್ನು ಒಳಗೆ ತಂದು ಬೆಚ್ಚಗೆ ಮಾಡಿದರೆ ಅದರ ಸಾಪೇಕ್ಷ ಆರ್ದ್ರತೆ 30ರ ಕೆಳಗೆ ಬೀಳುತ್ತದೆ. ಕೋಣೆಯನ್ನು ಒಣಗಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ದಪ್ಪಕ್ಷರದಲ್ಲಿ ಓದಿಕೊಳ್ಳಿ. ಕೋಣೆಯಲ್ಲಿ ಗ್ಯಾಸ್ ಹೀಟರ್, ಇದ್ದಿಲ ಒಲೆ, ಸೌದೆ ಒಲೆ ಇಂಥದ್ದೇನಾದರೂ ಉರಿಯುತ್ತಿದ್ದರೆ ಅದಕ್ಕೆ ಬೇಕಾದ ಗಾಳಿಕಿಂಡಿಯನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅದರ ಅಲಾರಂ ಒಂದು ಇರಲೇಬೇಕು.

ಅಳತೆಪಟ್ಟಿ

ಗಾಳಿಯನ್ನು ಬಿಟ್ಟದ್ದಕ್ಕೆ ಬಯ್ಯಿಸಿಕೊಂಡಾಯಿತು, ಬೂಷ್ಟಿನ ಲೆಕ್ಕವನ್ನಾದರೂ ಪೂರ್ತಿ ಮಾಡುತ್ತೇನೆ.

20 ಡಿಗ್ರಿ, 50 ಶೇಕಡ ಆರ್ದ್ರತೆಯ ಗಾಳಿಯ ಇಬ್ಬನಿ ಬಿಂದು 9.3 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಮೈಗೆ ತಾಗಿದರೆ ನೀರು ಕೂರುತ್ತದೆ. ಬೂಷ್ಟಿಗೆ ಅಷ್ಟು ನೀರೂ ಬೇಕಿಲ್ಲ. ಮೈಯ ಬಳಿ ಆರ್ದ್ರತೆ 80 ದಾಟಿ ದಿನಗಟ್ಟಲೆ ನಿಂತರೆ ಸಾಕು, ಅಂದರೆ ಇದೇ ಗಾಳಿಗೆ ಮೈಯ ಉಷ್ಣತೆ 12.6ಕ್ಕೆ ಇಳಿದರೆ ಸಾಕು. ನಿಮ್ಮ ಬಯಲು ಗೋಡೆಯ ಒಳಮೈ ಸುಮಾರು 15 ಡಿಗ್ರಿ ಇದ್ದೀತು, ಅಲ್ಲಿ ಬೂಷ್ಟು ಬರುವುದಿಲ್ಲ. ಬೀರುವಿನ ಹಿಂದೆ ಕೋಣೆಯ ಬಿಸಿ ತಲಪುವುದಿಲ್ಲ, ಮೂಲೆಗೂ ಅದು ಕಡಿಮೆಯೇ ತಲಪುತ್ತದೆ. ಎರಡೂ ಕಡೆ ಇನ್ನೂ ಎರಡು ಮೂರು ಡಿಗ್ರಿ ಕಡಿಮೆಯಾಗಿ ಸರಿಯಾಗಿ ಆ ಗಡಿಗೆ ಬಂದು ನಿಲ್ಲುತ್ತದೆ. ಒದ್ದೆ ಬಟ್ಟೆಯನ್ನು ಕೋಣೆಯಲ್ಲೇ ಹರವಿ ಆರ್ದ್ರತೆ 70ಕ್ಕೆ ಏರಿತೆಂದರೆ ಇಬ್ಬನಿ ಬಿಂದುವೇ 14.4. ಆಗ ಬಯಲು ಗೋಡೆಯೂ ಬೆವರುವ ಅಂಚಿನಲ್ಲಿರುತ್ತದೆ.

ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದಿಡಿ. ಇವತ್ತೇ ಮಾಡಬಹುದಾದ ಕೆಲಸ.

ಗಾರೆಯವನು

ಒಳಗಿನಿಂದ ಮಾಡಿದ ಗೋಡೆಗಳನ್ನು ಕೆಲವು ವರ್ಷಗಳ ಮೇಲೆ ಬಿಚ್ಚಿ ಸರಿಪಡಿಸುವ ಕೆಲಸ ನನ್ನದು. ಹೊಸದಾಗಿ ಮಾಡುವುದಕ್ಕಿಂತ ಬಿಚ್ಚುವುದೇ ಹೆಚ್ಚು. ಆದ್ದರಿಂದ ನಾನು ನೋಡುವುದು ಕೆಟ್ಟವನ್ನೇ, ಅದನ್ನು ಗಮನದಲ್ಲಿಟ್ಟುಕೊಂಡು ಓದಿ.

ಗುತ್ತಿಗೆದಾರರು "ಅಂಟಿಸಿಬಿಡೋಣ" ಅಂದರಲ್ಲ, ಹೇಗೆ ಅಂಟಿಸುತ್ತಾರೆ ಎಂದು ಕೇಳಿ. ಸಾಮಾನ್ಯವಾಗಿ ಹಾಳೆಯ ಹಿಂದೆ ಅಲ್ಲಲ್ಲಿ ಮುದ್ದೆ ಮುದ್ದೆ ಗಾರೆ ಇಟ್ಟು ಗೋಡೆಗೆ ಒತ್ತುತ್ತಾರೆ. ಮುದ್ದೆಗಳ ನಡುವೆ ಬೆರಳು ದಪ್ಪದ ಪೊಳ್ಳು ಉಳಿಯುತ್ತದೆ, ಅದು ನೆಲದಿಂದ ಸೂರಿನವರೆಗೆ ಒಂದೇ ಓಣಿ. ಸ್ಕರ್ಟಿಂಗಿನ ಸಂದಿನಿಂದ, ಸ್ವಿಚ್ ಪೆಟ್ಟಿಗೆಯಿಂದ ಕೋಣೆಯ ಗಾಳಿ ಅದರೊಳಕ್ಕೆ ಹೋಗುತ್ತದೆ. ಹಾಳೆಯ ಹಿಂದಿರುವ ಗಿಲಾವಿನ ಉಷ್ಣತೆ ಆಗ ಎಷ್ಟು ಎಂದು ಅಳತೆಪಟ್ಟಿಯವರು ಹೇಳಲಿ.

ಬೋರ್ಡ್ ತೆಗೆದಾಗ ಕಾಣುವುದು ಇಷ್ಟು: ಜಿಪ್ಸಂ ಮುಂದೆ ಬಿಳಿ, ಚೊಕ್ಕಟ. ಹಿಂದೆ ಥರ್ಮೋಕೋಲಿನ ಮೈ ಒದ್ದೆ. ಗಾರೆಮುದ್ದೆಗಳ ಸುತ್ತ ಗಿಲಾವು ಒಣಗಿದೆ, ನಡುವಿನ ಪೊಳ್ಳಿನಲ್ಲಿ ಮಾತ್ರ ಬೂಷ್ಟು ಚುಕ್ಕೆ ಚುಕ್ಕೆಯಾಗಿ ಹಬ್ಬಿದೆ, ಗಾಳಿ ಓಡಾಡಿದ ದಾರಿಯನ್ನು ಯಾರೋ ಸೀಸದ ಕಡ್ಡಿಯಲ್ಲಿ ಬರೆದಿಟ್ಟಂತೆ. ವಾಸನೆ ಬಂದ ಮೇಲಷ್ಟೇ ಮನೆಯವರಿಗೆ ತಿಳಿದಿರುತ್ತದೆ.

ಅಳತೆಪಟ್ಟಿ

ಹೇಳುತ್ತೇನೆ. 50 ಮಿ.ಮೀ. ಹಾಕಿದರೆ ಹಾಳೆಯ ಹಿಂದಿನ ಗಿಲಾವು ಸುಮಾರು 4 ಡಿಗ್ರಿ. ಮೊದಲು ಅದೇ ಗಿಲಾವು 15 ಇತ್ತು. 100 ಹಾಕಿದರೆ 2.5. ದಪ್ಪ ಹೆಚ್ಚಿದಷ್ಟೂ ಹಿಂದಿನ ಗೋಡೆ ಇನ್ನಷ್ಟು ತಣ್ಣಗೆ. ಇಬ್ಬನಿ ಬಿಂದು 9.3, ಹಾಗಾಗಿ ಅಲ್ಲಿಗೆ ತಲಪಿದ ಕೋಣೆಯ ಗಾಳಿ ನೀರು ಬಿಟ್ಟೇ ಬಿಡುತ್ತದೆ. 150 ಬೇಡ ಎನ್ನುವುದಕ್ಕೆ ಇದು ಎರಡನೆಯ ಕಾರಣ.

ಹಳೆಮನೆ

ಅದಕ್ಕೇ ನಾನು ಹಳೆಯ ಗೋಡೆಗೆ ಪ್ಲಾಸ್ಟಿಕ್ ಸಾಮಾನು ಬೇಡವೇ ಬೇಡ ಎನ್ನುವುದು. ಇಟ್ಟಿಗೆ, ಸುಣ್ಣದ ಗಾರೆಯ ಗೋಡೆ ಉಸಿರಾಡಬೇಕು. ಮರದ ನಾರಿನ ಹಲಗೆ, ಕ್ಯಾಲ್ಸಿಯಂ ಸಿಲಿಕೇಟ್ ಹಲಗೆ, ಸುಣ್ಣ ಬೆರೆಸಿದ ಸೆಣಬಿನ (ಹೆಂಪ್) ಕಾಂಡದ ಗಾರೆ ಇವೆಲ್ಲ ಇವೆ. ತೇವವನ್ನು ಹೀರಿಕೊಂಡು ಮತ್ತೆ ಬಿಟ್ಟುಕೊಡುತ್ತವೆ.

ಅಳತೆಪಟ್ಟಿ

"ಉಸಿರಾಡಬೇಕು" ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಗೋಡೆಯ ಮೂಲಕ ಆವಿ ಹಾಯ್ದುಹೋಗುವುದು ಅತ್ಯಲ್ಪ. ಕೋಣೆಯ ತೇವ ಹೊರಗೆ ಹೋಗುವುದು ಕಿಟಕಿಯಿಂದ, ಫ್ಯಾನಿನಿಂದ. ಬೆಚ್ಚಗಿನ ಬದಿಗೆ ಆವಿತಡೆ ಹಾಳೆ ಹಾಕಿ, ಅಂಚುಗಳಿಗೆ ಟೇಪ್ ಹಚ್ಚಿದರೆ ಮುಗಿಯಿತು.

ಹಳೆಮನೆ

ಮುಗಿಯುವುದಿಲ್ಲ. ತೇವ ಒಳಗಿನಿಂದ ಮಾತ್ರ ಬರುತ್ತದೆ ಎಂದುಕೊಂಡಿದ್ದೀರಿ. ಎರಚಲು ಮಳೆ ಹೊಡೆಯುವ ಗೋಡೆ ಹೊರಗಿನಿಂದ ನೆನೆಯುತ್ತದೆ. ಮೊದಲು ಕೋಣೆಯ ಬಿಸಿಯಿಂದ ಆ ಇಟ್ಟಿಗೆ ಎರಡೂ ಕಡೆಗೆ ಒಣಗುತ್ತಿತ್ತು. ಈಗ ಇನ್ಸುಲೇಶನ್ ಹಾಕಿ ಅದನ್ನು ತಣ್ಣಗೆ ಮಾಡಿದ್ದೀರಿ, ಒಳಮುಖವಾಗಿ ಒಣಗುವ ದಾರಿಯನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿದ್ದೀರಿ. ನೆನೆದ ಇಟ್ಟಿಗೆ ಹೆಪ್ಪುಗಟ್ಟಿ ಕರಗಿ, ಮತ್ತೆ ಹೆಪ್ಪುಗಟ್ಟಿ, ಮೈ ಸುಲಿದುಕೊಂಡು ಬೀಳುತ್ತದೆ. ಸಿಮೆಂಟ್ ಗಿಲಾವಿನ ಒಂದು ಬಿರುಕು ಸಾಕು, ಒಳಗೆ ಹೋದ ನೀರು ಹೊರಗೆ ಬರಲಾರದು.

ಗಾರೆಯವನು

ಇಬ್ಬರೂ ಒಂದೇ ಗೋಡೆಯ ಎರಡು ಬದಿಯಲ್ಲಿ ನಿಂತು ಜಗಳವಾಡುತ್ತಿದ್ದೀರಿ. ಮೊದಲು ಕೇಳಬೇಕಾದದ್ದು: ಹೊರಗೋಡೆ ಮಳೆಗೆ ನೆನೆಯುತ್ತದೆಯೇ? ಮಳೆನೀರಿನ ಪೈಪು ಸೋರುತ್ತಿದೆಯೇ? ಬುಡದಿಂದ ತೇವ ಏರುತ್ತಿದೆಯೇ? ಇವುಗಳಲ್ಲಿ ಒಂದು ಇದ್ದರೂ ಇನ್ಸುಲೇಶನ್ ಮಾತನ್ನು ಬದಿಗಿಟ್ಟು ಮೊದಲು ಗೋಡೆ ಒಣಗಿಸಿ. ನೀರಿನ ವಾಹಕತೆ ನಿಂತ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಗಿಲು. ಒದ್ದೆ ಉಣ್ಣೆ ಇನ್ಸುಲೇಶನ್ನೇ ಅಲ್ಲ.

ಗೋಡೆ ಒಣಗಿದ್ದು, ಮೇಲೆ ಸಜ್ಜಾ ಇದ್ದರೆ ಅಳತೆಪಟ್ಟಿಯವರ ಹಾಳೆಯೂ ನಡೆಯುತ್ತದೆ. ಅನುಮಾನವಿದ್ದರೆ ಹಳೆಮನೆಯವರ ಹಲಗೆಯೇ ಕ್ಷೇಮ, ಅದೇ ತಡೆಗೆ ತುಸು ಹೆಚ್ಚು ದಪ್ಪ ಬೇಕಾದೀತು. ಯಾವುದೇ ಇರಲಿ, ಮುದ್ದೆ ಇಡಬಾರದು. ಗೋಡೆ ಸಮತಟ್ಟು ಮಾಡಿ, ಹಲ್ಲಿನ ಕರಣೆಯಿಂದ ಹಲಗೆಯ ಪೂರ್ತಿ ಮೈಗೆ ಗಾರೆ ಎಳೆದು, ಪೊಳ್ಳು ಉಳಿಯದಂತೆ ಕೂರಿಸಬೇಕು. ಹಲಗೆಗಳ ನಡುವಿನ ಸಂದಿಗೂ ಅದೇ ಸಾಮಾನು ತುಂಬಬೇಕು. ಕೆಲಸ ಮುಗಿದ ಮೇಲೆ ಬೆರಳ ಗಂಟಿನಿಂದ ತಟ್ಟುತ್ತಾ ಹೋಗಿ. ಡಬ್‌ ಡಬ್‌ ಎಂದರೆ ಪೊಳ್ಳು.

ಚೌಕಟ್ಟು ಹೊಡೆದು ನಡುವೆ ಉಣ್ಣೆ ತುರುಕುವವರೂ ಇದ್ದಾರೆ. ಮರದ ಚೌಕಟ್ಟಾದರೆ 50 ಮಿ.ಮೀ. ಉಣ್ಣೆಯ 1.39 ತಡೆ ಗೋಡೆಯ ಸರಾಸರಿಯಲ್ಲಿ 1.15ರಷ್ಟಾಗುತ್ತದೆ, ಮರ ನಡುನಡುವೆ ಬಿಸಿಯನ್ನು ದಾಟಿಸುತ್ತದೆ. ಕಬ್ಬಿಣದ ಚೌಕಟ್ಟಾದರೆ ಅರ್ಧಕ್ಕೆ ಇಳಿಯುವುದೂ ಉಂಟು. 100ರ ಉಣ್ಣೆಯನ್ನು 50ರ ಜಾಗಕ್ಕೆ ಒತ್ತಿ ತುಂಬಿ "ಡಬಲ್ ಹಾಕಿದ್ದೇವೆ" ಎನ್ನುವವರನ್ನು ನಂಬಬೇಡಿ. ತಡೆಯುವುದು ಉಣ್ಣೆಯಲ್ಲ, ಅದರೊಳಗೆ ಸಿಕ್ಕಿಕೊಂಡ ಗಾಳಿ.

ಇನ್ನೊಂದು, ಹೊರಗೋಡೆಗೆ ಮಾತ್ರ ಹಾಕಿ ನಿಲ್ಲಿಸಬೇಡಿ. ಅಡ್ಡಗೋಡೆ ಹೊರಗೋಡೆಗೆ ಕೂಡುವ ಮೂಲೆಯಲ್ಲಿ ಚಳಿ ಅಡ್ಡಗೋಡೆಯ ಮೂಲಕ ಒಳಗೆ ಬರುತ್ತದೆ. ಅಲ್ಲಿ ಒಂದು ಮೊಳದಷ್ಟು ಒಳಕ್ಕೆ ತೆಳು ಪಟ್ಟಿ ತಿರುಗಿಸಿ. ಕಿಟಕಿಯ ಒಳಪಕ್ಕೆಗಳಿಗೆ 20 ಮಿ.ಮೀ. ಆದರೂ ಬೇಕು. ಅದನ್ನು ಬಿಟ್ಟ ಕಡೆಗಳಲ್ಲಿ ಹೊಸ ಬೂಷ್ಟು ಮೊದಲು ಕಾಣಿಸುವುದು ಕಿಟಕಿಯ ಪಕ್ಕದಲ್ಲೇ.

ಕಿಟಕಿಪಕ್ಕ

ಕಿಟಕಿಯ ಹೆಸರು ಬಂದದ್ದು ಒಳ್ಳೆಯದಾಯಿತು. ಎರಡು ಚದರ ಮೀಟರ್ ಒಂಟಿ ಗಾಜು, ಯು ಮೌಲ್ಯ 5.7: ಸುಮಾರು 230 ವ್ಯಾಟ್. ಗೋಡೆಗೆ 50 ಮಿ.ಮೀ. ಹಾಕಿದ ಮೇಲೆ ಆರು ಪಟ್ಟು ದೊಡ್ಡ ಗೋಡೆಗಿಂತ ಈ ಕಿಟಕಿಯೇ ಹೆಚ್ಚು ಕಳೆಯುತ್ತದೆ. ಸಾದಾ ಜೋಡಿ ಗಾಜಿಗೆ 2.8, ಒಳಮೈಗೆ ಲೋಹದ ತೆಳು ಲೇಪವಿದ್ದು ನಡುವೆ ಆರ್ಗಾನ್ ತುಂಬಿದ್ದಕ್ಕೆ 1.2ರ ಹತ್ತಿರ. ಇದ್ದ ಕಿಟಕಿಯನ್ನು ಉಳಿಸಿಕೊಂಡು ಒಳಗೆ ಇನ್ನೊಂದು ಗಾಜಿನ ಚೌಕಟ್ಟು ಕೂರಿಸಿದರೂ ನಷ್ಟ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಹೊರಮೈ ಬದಲಾಯಿಸಿದಂತೆಯೂ ಆಗುವುದಿಲ್ಲ. ಅಲ್ಯೂಮಿನಿಯಂ ಚೌಕಟ್ಟು ಕೊಳ್ಳುವುದಾದರೆ ನಡುವೆ ಬಿಸಿ ದಾಟದಂತೆ ಪ್ಲಾಸ್ಟಿಕ್ ಪಟ್ಟಿ ಇರುವುದನ್ನೇ ಕೊಳ್ಳಿ. ಇಲ್ಲದಿದ್ದರೆ ಗಾಜು ಒಣಗಿರುತ್ತದೆ, ಚೌಕಟ್ಟು ಬೆವರುತ್ತದೆ.

ಬಿಸಿಲೂರಿನವನು

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮಲ್ಲಿ ಹೊರಗೆ ಸೆಕೆ, ತೇವ, ಒಳಗೆ ಎ.ಸಿ. ಇದೇ ವಿಧಾನ ನಮಗೂ ಸರಿಯೇ? ಮತ್ತು ಆ ಬಣ್ಣದ ವಿಷಯ ಯಾರೂ ಹೇಳಲಿಲ್ಲ.

ಅಳತೆಪಟ್ಟಿ

ಇನ್ಸುಲೇಶನ್ ಎರಡೂ ದಿಕ್ಕಿಗೆ ತಡೆಯುತ್ತದೆ. ಆವಿತಡೆ ಮಾತ್ರ ತಿರುಗಿಸಬೇಕು. ನಿಮ್ಮಲ್ಲಿ ತೇವ ಹೊರಗಿನಿಂದ ಒಳಗೆ ಬರುತ್ತದೆ, ತಣ್ಣಗಿರುವುದು ಒಳಮೈ. ಒಳಬದಿಗೆ ಪ್ಲಾಸ್ಟಿಕ್ ಹಾಳೆ ಹಾಕಿದರೆ ಅದರ ಬೆನ್ನಿಗೇ ನೀರು ಕೂರುತ್ತದೆ.

ಬಣ್ಣ: ಅತ್ಯುತ್ತಮ ಇನ್ಸುಲೇಶನ್ ಸಾಮಾನುಗಳಲ್ಲಿ ಒಂದಾದ ಏರೋಜೆಲ್‌ನ ವಾಹಕತೆ 0.015ರಷ್ಟು. ಡಬ್ಬಿಯಲ್ಲಿ ಪೂರ್ತಿ ಅದೇ ಇದೆ ಎಂದುಕೊಂಡು ಅರ್ಧ ಮಿ.ಮೀ. ಬಳಿದರೂ ಸಿಗುವ ತಡೆ 0.033, ಅಂದರೆ 1.2 ಮಿ.ಮೀ. ರಾಕ್‌ವೂಲಿಗೆ ಸಮ. ಬಿಸಿಲು ಬಡಿಯುವ ತಾರಸಿಗೆ ಬಿಳಿ ಬಣ್ಣ ಬಳಿದರೆ ಬಿಸಿಲು ಹಿಂದಕ್ಕೆ ಚಿಮ್ಮುತ್ತದೆ, ಅದು ನಿಜವಾದ ಲಾಭ. ಚಳಿಗೋಡೆಯವರ ಕೋಣೆಯಲ್ಲಿ ಆ ಲಾಭವೂ ಇಲ್ಲ. ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಂ ಹಾಳೆಯದೂ ಇದೇ ಕಥೆ: ಮುಂದೆ ಗಾಳಿಯ ಸಂದು ಬಿಟ್ಟರೆ ಕೆಲಸ ಮಾಡುತ್ತದೆ, ಎರಡು ಗಾರೆಯ ನಡುವೆ ಒತ್ತಿಬಿಟ್ಟರೆ ಬರೀ ಲೋಹ.

ಹಳೆಮನೆ

ಬೆಂಕಿಯ ಬಗ್ಗೆಯೂ ಯಾರೂ ಮಾತೆತ್ತಲಿಲ್ಲ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡಕ್ಕೆ ಹತ್ತಿದ ಬೆಂಕಿಗೆ 72 ಜನ ಬಲಿಯಾದರು. ಹೊರಗೋಡೆಗೆ ಪಾಲಿಎಥಿಲೀನ್ ತುಂಬಿದ ಅಲ್ಯೂಮಿನಿಯಂ ಫಲಕ, ಹಿಂದೆ ಉರಿಯಬಲ್ಲ ಇನ್ಸುಲೇಶನ್. ರಾಕ್‌ವೂಲ್ ಉರಿಯುವುದಿಲ್ಲ. ಥರ್ಮೋಕೋಲ್ ಕರಗಿ ಉರಿಯುತ್ತದೆ.

ಗಾರೆಯವನು

ನಿಜ. ಒಂದು ಕೋಣೆಗೆ ಒಳಗಿನಿಂದ ಥರ್ಮೋಕೋಲ್ ಅಥವಾ ಪಿಐಆರ್ ಹಾಕಿದರೆ ಅದನ್ನು ಬಯಲಾಗಿ ಬಿಡಬೇಡಿ, ಮೇಲೆ ಜಿಪ್ಸಂ ಬೋರ್ಡ್ ಕಡ್ಡಾಯ. ವಿದ್ಯುತ್ ತಂತಿ ಇನ್ಸುಲೇಶನ್ನಿನೊಳಗೆ ಹುದುಗಿದರೆ ಅದರ ಬಿಸಿ ಹೊರಗೆ ಹೋಗುವುದಿಲ್ಲ, ಹೀಟರಿನ ತಂತಿಯಾದರೆ ಇನ್ನೂ ಅಪಾಯ. ಪಿವಿಸಿ ತಂತಿ ಥರ್ಮೋಕೋಲಿಗೆ ನೇರ ತಾಗಿಕೊಂಡಿದ್ದರೆ ಕಾಲಕ್ರಮದಲ್ಲಿ ಅದರ ಹೊದಿಕೆ ಗಡುಸಾಗಿ ಬಿರಿಯುತ್ತದೆ. ಎಲೆಕ್ಟ್ರಿಷಿಯನ್ನರನ್ನು ಮೊದಲೇ ಕರೆಸಿ, ತಂತಿಯನ್ನು ಕೊಳವೆಯೊಳಗೆ ತೂರಿಸಿ ಬೆಚ್ಚಗಿನ ಬದಿಗೆ ತನ್ನಿ.

ಚಳಿಗೋಡೆ

ಇಷ್ಟು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಊದಿನಕಡ್ಡಿಯ ಪರೀಕ್ಷೆ ಮಾಡಿದೆ. ಕಿಟಕಿಯ ಚೌಕಟ್ಟಿನ ಕೆಳಗೆರೆ ಪೂರ್ತಿ ಮತ್ತು ಎರಡು ಸ್ವಿಚ್ ಪೆಟ್ಟಿಗೆಗಳಲ್ಲಿ ಹೊಗೆ ಮಲಗಿತು. ಬೀರು ಸರಿಸಿದ್ದೇನೆ. ಹೊರಗೋಡೆ ಮಳೆಗೆ ನೆನೆಯುತ್ತದೆ, ಮೇಲೆ ಸಜ್ಜಾ ಇಲ್ಲ. ಹಾಗಾಗಿ ಮೊದಲು ಹೊರಗಿಲಾವಿನ ಬಿರುಕು ಮುಚ್ಚಿಸಿ, ಒಂದು ಮಳೆಗಾಲ ನೋಡಿ, ಆಮೇಲೆ 60 ಮಿ.ಮೀ. ಮರದ ನಾರಿನ ಹಲಗೆಗೆ ಹೋಗೋಣ ಎಂದುಕೊಂಡಿದ್ದೇನೆ. ಒಳಗಾಜು ಈ ಚಳಿಗಾಲಕ್ಕೇ.

ಒಂದು ಅನುಮಾನ ಉಳಿಯಿತು. ಗೋಡೆಗೆ ಒಳಗಿನಿಂದ ಹಾಕಿದರೆ ಹೀಟರ್ ಆರಿಸಿದ ಮೇಲೆ ಇಟ್ಟಿಗೆಯಲ್ಲಿ ಉಳಿಯುತ್ತಿದ್ದ ಬಿಸಿ ಸಿಗುವುದಿಲ್ಲವಲ್ಲ? ಇನ್ನೊಂದು, ಆ ಗೋಡೆಯೊಳಗೆ ಬಚ್ಚಲಿಗೆ ಹೋಗುವ ನೀರಿನ ಪೈಪು ಇದೆ.

ಅಳತೆಪಟ್ಟಿ

ಹೊರಗೋಡೆಯ ಇಟ್ಟಿಗೆಯ ಬಿಸಿ ಸಿಗುವುದಿಲ್ಲ, ಸರಿ. ಆದರೆ ಅದನ್ನು ಬಿಸಿ ಮಾಡುವ ಕೆಲಸವೂ ತಪ್ಪಿತು. ಹಗಲೆಲ್ಲ ಜನ ಇರುವ ಮನೆಗೆ ಹೊರಗಿನ ಇನ್ಸುಲೇಶನ್ ಒಳ್ಳೆಯದು. ರಾತ್ರಿ ಕೆಲವು ಗಂಟೆ ಮಾತ್ರ ಹೀಟರ್ ಹಾಕುವ ಕೋಣೆಗೆ ಒಳಗಿನದೇ ಬೇಗ ಬೆಚ್ಚಗಾಗುತ್ತದೆ. ಅಡ್ಡಗೋಡೆಗಳು, ನೆಲ, ಸೂರು ಬಿಸಿ ಹಿಡಿದಿಟ್ಟುಕೊಳ್ಳಲು ಇದ್ದೇ ಇವೆ.

ಗಾರೆಯವನು

ಪೈಪಿನ ವಿಷಯವನ್ನು ಮೊದಲೇ ಹೇಳಬೇಕಿತ್ತು! ಆ ಗೋಡೆಯ ಒಳಮೈ ಈಗ 15 ಡಿಗ್ರಿ ಇರುವುದು ನಿಮ್ಮ ಕೋಣೆ ಬಿಸಿ ಸೋರಿಸುತ್ತಿರುವುದರಿಂದ. ಹಲಗೆ ಹಾಕಿದ ಮೇಲೆ ಪೈಪು ಇರುವ ಜಾಗ ಹೊರಗಿನ ಹವೆಗೆ ಹತ್ತಿರವಾಗುತ್ತದೆ. ಹೊರಗೆ ಮೈನಸ್ಸಿಗೆ ಹೋದ ರಾತ್ರಿ ನೀರು ಹೆಪ್ಪುಗಟ್ಟಿ ಪೈಪು ಒಡೆದೀತು, ಒಡೆದದ್ದು ಹಲಗೆಯ ಹಿಂದೆ. ಪೈಪಿಗೆ ಇನ್ಸುಲೇಶನ್ ಹೊದಿಕೆ ಹಾಕಿ ಅಲ್ಲೇ ಬಿಡಬಹುದೇ ಎಂದು ಕೇಳಬೇಡಿ, ನೀರು ಓಡದೆ ನಿಂತಿದ್ದರೆ ಆ ಹೊದಿಕೆ ನೀರು ಹೆಪ್ಪುಗಟ್ಟುವುದನ್ನು ತಡಮಾಡುತ್ತದೆ ಅಷ್ಟೇ, ತಡೆಯುವುದಿಲ್ಲ. ಹಲಗೆ ಕೂರಿಸುವ ಮೊದಲು ಅದನ್ನು ಹೊರಗೋಡೆಯಿಂದ ಕಿತ್ತು ಅಡ್ಡಗೋಡೆಯ ಮೇಲೆ, ಕೋಣೆಯ ಬದಿಗೆ ಹಾಯಿಸಿ. ಗೋಡೆಯಲ್ಲಿ ಪೈಪು ಬಿಟ್ಟುಹೋದ ಕೊರಕಲನ್ನು ಗಾರೆಯಿಂದ ಪೂರ್ತಿ ತುಂಬಿಸಿ, ಗಾಳಿಗೆ ಅಲ್ಲೊಂದು ಓಣಿ ಉಳಿಯಬಾರದು. ಕೊಳಾಯಿ ಕೆಲಸ ಮುಗಿದ ಮೇಲೆ ಒತ್ತಡ ಕೊಟ್ಟು ಒಂದು ರಾತ್ರಿ ಬಿಟ್ಟು ನೋಡಿ, ಆಮೇಲೆಯೇ ಹಲಗೆಯವರನ್ನು ಕರೆಯಿರಿ.